ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು, ಸಾಹಿತ್ಯಪೋಷಕರು ಹಾಗೂ ಚದುರಂಗ ಸಮಸ್ಯೆಗಳ ರಚನಕಾರರು. ಟಿಪ್ಪು ಸುಲ್ತಾನನ ಪತನಾನಂತರ 1799ರಲ್ಲಿ, ಬಾಲ್ಯದಲ್ಲಿಯೇ ಇವರಿಗೆ ಪಟ್ಟಾಭಿಷೇಕವಾಯಿತು. ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ನಗರ ದಂಗೆಯ ಬಳಿಕ 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡರು. ಒಡೆಯರು ಹೆಸರಿಗಷ್ಟೇ ಅರಸರಾಗಿ ಉಳಿದರು.

ಚದುರಂಗ

ಚದುರಂಗದ ಕುದುರೆಯನ್ನು ಅದರ ನಡೆಯಂತೆಯೇ ಚಲಿಸಿ, 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಸುವ ಸಮಸ್ಯೆಯಲ್ಲಿ ಇವರು ವಿಶೇಷ ಆಸಕ್ತಿ ಹೊಂದಿದ್ದರು. ನಡೆಯ ಕ್ರಮದಂತೆ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದಾಗ ಪ್ರತಿ ಅಡ್ಡಸಾಲು ಮತ್ತು ಕಂಬಸಾಲಿನ ಮೊತ್ತ 260 ಆದರೆ, ಅದು ಅರೆ-ಮಾಯಾಚೌಕವೂ ಆಗುತ್ತದೆ. ಈ ಬಗೆಯ ರಚನೆಗಳಿಂದಾಗಿ ಚದುರಂಗದ ಇತಿಹಾಸದಲ್ಲಿ ಇವರ ಹೆಸರು ಉಳಿದಿದೆ. ಇವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳನ್ನು ಕುರಿತದ್ದು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳನ್ನು ಚಿತ್ರಿಸಲಾಗಿದ್ದು, ಅರಸರ ವಿನೋದವು ನೋಡುಗರೆಲ್ಲರಿಗೂ ತೆರೆದುಕೊಂಡಿದೆ.

ಕೊನೆಯ ದಿನಗಳು

ರಾಜ್ಯವನ್ನು ಮರಳಿ ಪಡೆಯಲು ಇವರು ದೀರ್ಘಕಾಲ ಪ್ರಯತ್ನಿಸಿದರೂ ಜೀವಿತಾವಧಿಯಲ್ಲಿ ಅದು ಕೈಗೂಡಲಿಲ್ಲ. ಇವರು 1865ರಲ್ಲಿ ದತ್ತು ಸ್ವೀಕರಿಸಿದ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ಅಧಿಕಾರ ಹಸ್ತಾಂತರವಾಯಿತು.