ದಿನನಿತ್ಯದ ತತ್ವಜ್ಞಾನಿ ಹೆನ್ರಿ ಲೆಫೆವ್ರ್

ಬೆಳಿಗ್ಗೆ ಎದ್ದು, ತಿಂಡಿಗೆ ಕ್ಯೂ ನಿಂತು ಕ್ಲಾಸಿಗೆ ಓಡೋದರಲ್ಲಿ ಫಿಲಾಸಫಿ ಏನಿರುತ್ತೆ ಅಂತ ನಮಗೂ ಅನ್ನಿಸಿತ್ತು. ಫ್ರಾನ್ಸಿನ ಹೆನ್ರಿ ಲೆಫೆವ್ರ್ ಆಯುಷ್ಯದ ಬಹುಭಾಗ ಇದನ್ನೇ ಯೋಚಿಸಿದರು. (ಸ್ಪೆಲ್ಲಿಂಗ್‌ನಲ್ಲಿರುವ 'ಬಿ' ಉಚ್ಚಾರದಲ್ಲಿ ಬರಲ್ಲ. ನಾವು ಬಹಳ ದಿನ ತಪ್ಪಾಗಿಯೇ ಹೇಳ್ತಿದ್ವಿ.)

1901ರಲ್ಲಿ ಹುಟ್ಟಿದ ಅವರು ಪ್ಯಾರಿಸ್‌ನಲ್ಲಿ ತತ್ವಶಾಸ್ತ್ರ ಓದಿದರು, ಕೆಲಕಾಲ ಅಲ್ಲೇ ಟ್ಯಾಕ್ಸಿಯನ್ನೂ ಓಡಿಸಿದರು. 1928ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. 1947ರಲ್ಲಿ ದಿನನಿತ್ಯದ ಬದುಕಿನ ವಿಮರ್ಶೆಯ ಮೊದಲ ಸಂಪುಟ ಬಂತು. ಉಳಿದ ಮಾರ್ಕ್ಸ್‌ವಾದಿಗಳು ಕಾರ್ಖಾನೆ, ಕೂಲಿ ಅಂತಿದ್ದಾಗ ಇವರು ಕೆಲಸ ಮುಗಿದ ಮೇಲಿನ ಗಂಟೆಗಳನ್ನೂ ನೋಡಿದರು. ಸರ್ಕಾರ ಬದಲಾಗಿ ಮನೆ, ಓಣಿ, ಭಾನುವಾರ ಹಾಗೇ ಉಳಿದರೆ ಅದು ಕ್ರಾಂತಿಯಲ್ಲ ಅನ್ನೋದು ಅವರ ವಾದ. ಸ್ಟಾಲಿನ್ ದಾರಿಯನ್ನು ಟೀಕಿಸಿದ ಅವರನ್ನು 1958ರಲ್ಲಿ ಪಕ್ಷ ಹೊರಗಿಟ್ಟಿತು.

ಎಂಜಿನಿಯರ್ ಆಗೋ ನಮಗೆ ಹಿಡಿಸಿದ್ದು ಮುರೆಂಕ್ಸ್ ಊರಿನ ಕಥೆ. ನೈಋತ್ಯ ಫ್ರಾನ್ಸಿನ ಲಾಕ್‌ನಲ್ಲಿ 1951ರಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅಲ್ಲಿನ ಕೆಲಸಗಾರರಿಗಾಗಿ ಪ್ಲಾನ್ ಹಾಕಿ ಇಡೀ ಊರನ್ನೇ ಕಟ್ಟಿದರು, ಅದೇ ಮುರೆಂಕ್ಸ್. ಹತ್ತಿರದಲ್ಲೇ ಲೆಫೆವ್ರ್ ಅವರ ತಾಯಿಯ ಕಡೆಯ ಹಳೇ ಊರು ನವರೆಂಕ್ಸ್. ಅದು ಜೀವಿಯೊಂದು ತನ್ನ ಸುತ್ತ ಚಿಪ್ಪು ಕಟ್ಟಿಕೊಂಡ ಹಾಗೆ ಶತಮಾನಗಳಲ್ಲಿ ಬೆಳೆದದ್ದು ಅಂತ ಅವರಿಗೆ ಕಂಡಿತು. ಮುರೆಂಕ್ಸ್‌ನ ಫ್ಲ್ಯಾಟುಗಳು ಚೆನ್ನಾಗಿವೆ ಅಂತ ಒಪ್ಪಿಕೊಂಡರು. ಆದರೆ ಅಲ್ಲಿ ಒಂದೊಂದಕ್ಕೂ ಒಂದೇ ಕೆಲಸ. ಸುಮ್ಮನೆ ನಿಂತು ಹರಟೋಕೆ, ಅಕಸ್ಮಾತ್ ಯಾರಾದರೂ ಸಿಗೋಕೆ ಅವಕಾಶವಿಲ್ಲ. ನೋಡಿ ದಿಗಿಲಾಯಿತು. ನಮ್ಮ ಡ್ರಾಯಿಂಗ್ ಶೀಟಿನಲ್ಲೂ ಪಾರ್ಕಿಂಗ್‌ಗೆ ಅಳತೆ ಇದೆ, ಹರಟೆಗಿಲ್ಲ!

ಹಳೇ ಊರನ್ನು ಅವರು ಸ್ವಲ್ಪ ಜಾಸ್ತಿಯೇ ಮೆಚ್ಚಿದರೇನೋ. ಅಲ್ಲಿ ಯಾರು ಯಾರ ಜೊತೆ ಕೂತು ಹರಟಬಹುದಿತ್ತು ಅಂತ ನಮ್ಮಲ್ಲೇ ಒಬ್ಬಳು ಕೇಳಿದಳು. ಉತ್ತರ ಸಿಗಲಿಲ್ಲ.

ಸಮಯವನ್ನು ಅವರು ಮೂರಾಗಿ ನೋಡಿದರು: ಕೆಲಸದ್ದು, ಬಿಡುವಿನದು, ಎರಡೂ ಅಲ್ಲದ ಬಲವಂತದ್ದು. ಓಡಾಟ, ಕಾಗದಪತ್ರದ ತಾಪತ್ರಯ ಎಲ್ಲ ಈ ಮೂರನೇದರಲ್ಲಿ. ಅದೇ ಬೆಳೀತಾ ಬಿಡುವನ್ನು ತಿನ್ನುತ್ತಿದೆ ಅಂದರು. ನಮ್ಮ ಅಟೆಂಡೆನ್ಸ್ ಯಾವುದರಲ್ಲಿ ಬರುತ್ತೆ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

1965ರಿಂದ ಪ್ಯಾರಿಸ್ ಪಕ್ಕದ ನಾಂತೇರ್‌ನ ಹೊಸ ಕ್ಯಾಂಪಸ್‌ನಲ್ಲಿ ಸಮಾಜಶಾಸ್ತ್ರ ಕಲಿಸಿದರು. ಕಾಂಕ್ರೀಟ್ ಕಟ್ಟಡಗಳ ಹತ್ತಿರವೇ ವಲಸೆ ಕೂಲಿಗಾರರ ಗುಡಿಸಲುಗಳು. ಹುಡುಗಿಯರ ಹಾಸ್ಟೆಲಿಗೆ ಹುಡುಗರು ಹೋಗಬಾರದು ಅನ್ನೋ ನಿಯಮದ ಮೇಲೂ ಅಲ್ಲಿ ಜಗಳ ನಡೀತು. 1968ರ ವಿದ್ಯಾರ್ಥಿ ದಂಗೆಗೆ ಕಿಡಿ ಬಿದ್ದದ್ದೂ ಅಲ್ಲೇ. ನಗರದ ಮೇಲೆ ಅಲ್ಲಿ ಬದುಕೋರಿಗೆಲ್ಲ ಹಕ್ಕಿದೆ ಅನ್ನೋ ಅವರ ಪುಸ್ತಕ ಬಂದದ್ದೂ ಅದೇ ವರ್ಷ.

ದಿನನಿತ್ಯದ ಬದುಕು ಮಾತ್ರ ಅವರನ್ನು ಬಿಡಲಿಲ್ಲ. ಮೂರನೇ ಸಂಪುಟ 1981ರಲ್ಲಿ ಬಂದಾಗ ವಯಸ್ಸು 80. ಕೊನೆಗಾಲ ಕಳೆದದ್ದು ನವರೆಂಕ್ಸ್‌ನಲ್ಲಿ. 1991ರ ಜೂನ್‌ನಲ್ಲಿ ತೀರಿಕೊಂಡರು.