ಬಿಯರ್ ಬಾಟಲಿಯಿಂದ ಸಿಂಥಸೈಸರ್‌ವರೆಗೆ: ಆರ್.ಡಿ. ಬರ್ಮನ್ ಕಟ್ಟಿದ ಸದ್ದಿನ ಲೋಕ

ರಾಮನಗರದ ಬಂಡೆಗಳನ್ನು ಕಂಡರೆ ಇಂದಿಗೂ ಗಬ್ಬರ್ ಸಿಂಗ್ ನೆನಪಾಗುತ್ತಾನೆ. ರೈಲು ದರೋಡೆಯ ದೃಶ್ಯಕ್ಕೆ ಮಾತ್ರ 'ಶೋಲೆ' ತಂಡ ಇಂದಿನ ನವಿ ಮುಂಬೈಗೆ ಅಂಟಿಕೊಂಡಿರುವ ಪನ್ವೇಲ್ ಕಡೆಯ ಹಳಿಗಳಿಗೆ ಹೋಗಿತ್ತು. ಆ ಒಂದು ದೃಶ್ಯಕ್ಕೇ ಏಳು ವಾರ ಹಿಡಿಯಿತು. ಆದರೆ ಕಣ್ಣು ಮುಚ್ಚಿಕೊಂಡರೂ 'ಶೋಲೆ' ನೆನಪಾಗುತ್ತದಲ್ಲ, ಆ ಕೆಲಸ ನಡೆದಿದ್ದು ಮುಂಬೈನ ರೆಕಾರ್ಡಿಂಗ್ ಕೋಣೆಗಳಲ್ಲಿ. ಮಾಡಿದವರು ರಾಹುಲ್ ದೇವ್ ಬರ್ಮನ್, ಎಲ್ಲರ ಪ್ರೀತಿಯ ಪಂಚಮ್.

'ಮೆಹಬೂಬಾ' ಹಾಡಿನ ಆರಂಭದ ಆ ವಿಚಿತ್ರ ಉಸಿರಿನ ಸದ್ದು ಯಾವ ವಾದ್ಯದ್ದು ಎಂದು ಬಹಳ ಜನ ತಲೆ ಕೆಡಿಸಿಕೊಂಡಿದ್ದುಂಟು. ಅದು ವಾದ್ಯವೇ ಅಲ್ಲ. ಅರ್ಧ ತುಂಬಿದ ಬಿಯರ್ ಬಾಟಲಿಗಳ ಬಾಯಿಗೆ ಊದಿ ಹೊರಡಿಸಿದ ಸ್ವರ. ಬಾಟಲಿಯೊಳಗಿನ ಗಾಳಿಯ ಜಾಗ ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ, ಕಡಿಮೆಯಾದಷ್ಟೂ ಏರುತ್ತದೆ. ಶಾಲಾ ಮಕ್ಕಳಿಗೂ ಗೊತ್ತಿರುವ ಈ ವಿಜ್ಞಾನವನ್ನು ಮೈಕ್ ಮುಂದೆ ತಂದು ನಿಲ್ಲಿಸುವ ಧೈರ್ಯ ಪಂಚಮ್‌ಗಿತ್ತು. ಬಸಂತಿಯ ಜಟಕಾ ಓಟಕ್ಕೆ ಪಂಡಿತ್ ಸಾಮ್ತಾ ಪ್ರಸಾದ್ ಅವರ ತಬಲಾ, ಜೈ ನುಡಿಸುವ ಮೌತ್ ಆರ್ಗನ್‌ಗೆ ಭಾನು ಗುಪ್ತಾ ಅವರ ಉಸಿರು. ಅಮಿತಾಭ್ ತೆರೆಯ ಮೇಲೆ ಕಂಡರು, ಭಾನುದಾ ಕಾಣಲಿಲ್ಲ.

1939ರ ಜೂನ್ 27ರಂದು ಕೋಲ್ಕತ್ತದಲ್ಲಿ ಹುಟ್ಟಿದ ಪಂಚಮ್‌ಗೆ ಸಂಗೀತ ಮನೆಯಲ್ಲೇ ಇತ್ತು. ತಂದೆ ಸಚಿನ್ ದೇವ್ ಬರ್ಮನ್ ಆಗಲೇ ದೊಡ್ಡ ಹೆಸರು. ಸಾಮ್ತಾ ಪ್ರಸಾದರ ಬಳಿ ತಬಲಾ, ಅಲಿ ಅಕ್ಬರ್ ಖಾನ್ ಅವರ ಬಳಿ ಸರೋದ್ ಕಲಿಕೆ. 'ಸೋಲ್ವಾ ಸಾಲ್' ಚಿತ್ರದ 'ಹೈ ಅಪ್ನಾ ದಿಲ್' ಹಾಡಿನಲ್ಲಿ ಕೇಳುವ ಮೌತ್ ಆರ್ಗನ್ ಅವರದ್ದೇ. 1961ರ 'ಛೋಟೆ ನವಾಬ್' ಮೊದಲ ಸ್ವತಂತ್ರ ಚಿತ್ರ. 1966ರ 'ತೀಸ್ರಿ ಮಂಜಿಲ್' ಬಂದ ಮೇಲೆ ಅವರನ್ನು ಬರೀ ಎಸ್.ಡಿ. ಬರ್ಮನ್ ಮಗ ಎಂದು ಕರೆಯುವವರು ಉಳಿಯಲಿಲ್ಲ.

ಪಂಚಮ್ ಅವರ ನಿಜವಾದ ಆಸ್ತಿ ಅವರ ತಂಡ. ಸ್ಯಾಕ್ಸೋಫೋನ್‌ಗೆ ಮನೋಹಾರಿ ಸಿಂಗ್, ಸೆಲ್ಲೋಗೆ ಬಾಸು ಚಕ್ರವರ್ತಿ, ಮಾದಲ್‌ಗೆ ರಂಜಿತ್ ಗಜ್ಮೇರ್, ಗಿಟಾರ್‌ಗೆ ಭೂಪಿಂದರ್ ಸಿಂಗ್. ಪಾರ್ಸಿ ವಾದಕ ಕೆರ್ಸಿ ಲಾರ್ಡ್ 70ರ ದಶಕದ ಆರಂಭದಲ್ಲಿ ಮಿನಿಮೂಗ್ ಸಿಂಥಸೈಸರ್ ತರಿಸಿಕೊಂಡಾಗ ಮುಂಬೈನಲ್ಲಿ ಅಂಥ ಯಂತ್ರ ಅಪರೂಪ. 'ದಮ್ ಮಾರೋ ದಮ್' ಹಾಡಿನ ಹಿನ್ನೆಲೆಯಲ್ಲಿ ಮಂಜಿನಂತೆ ಹರಡುವ ಸದ್ದು ಚರಣ್‌ಜಿತ್ ಸಿಂಗ್ ನುಡಿಸಿದ ಟ್ರಾನ್ಸಿಕಾರ್ಡ್ ಎಂಬ ವಿದ್ಯುತ್ ಅಕಾರ್ಡಿಯನ್‌ನದ್ದು. ಇದೇ ಚರಣ್‌ಜಿತ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ಕೊಳ್ಳದ ಆ ರೆಕಾರ್ಡ್ ಅನ್ನು ಈಗ ಜಗತ್ತಿನ ಎಲೆಕ್ಟ್ರಾನಿಕ್ ಸಂಗೀತ ಪ್ರಿಯರು ಹುಡುಕಿಕೊಂಡು ಹೋಗುತ್ತಾರೆ!

ಯಂತ್ರ ಬಂತೆಂದು ಪಂಚಮ್ ಬಾಟಲಿಯನ್ನು ಎಸೆಯಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. 1973ರ 'ಚುರಾ ಲಿಯಾ' ಶುರುವಾಗುವುದು ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಸದ್ದಿನಿಂದ. 1977ರ 'ಕಿತಾಬ್' ಚಿತ್ರವೊಂದನ್ನೇ ನೋಡಿ. ಅದರ ಒಂದು ಹಾಡಿಗೆ ತಾಳವಾದ್ಯ ಶಾಲೆಯ ಮರದ ಡೆಸ್ಕ್. ಇನ್ನೊಂದು ಹಾಡು 'ಧನ್ನೋ ಕಿ ಆಂಖೋ ಮೇ'ನಲ್ಲಿ ಫ್ಲ್ಯಾಂಜರ್ ಎಂಬ ಎಲೆಕ್ಟ್ರಾನಿಕ್ ಉಪಕರಣ. ಒಂದೇ ಸದ್ದಿನ ಎರಡು ಪ್ರತಿಗಳನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡಿ ಬೆರೆಸುವುದು ಅದರ ಕೆಲಸ. ಗಿಟಾರ್ ಧ್ವನಿ ಅಲೆಯಂತೆ ಸುತ್ತುತ್ತಾ ರೈಲಿನ ಜೊತೆ ಓಡುತ್ತದೆ.

1987ರ 'ಇಜಾಜತ್'ನಲ್ಲಿ ಗುಲ್ಜಾರ್, ಆಶಾ ಭೋಸ್ಲೆ ಮತ್ತು ಪಂಚಮ್ ಮತ್ತೆ ಒಂದಾದರು. ಆಶಾ ಆಗ ಅವರ ಪತ್ನಿಯೂ ಹೌದು. ಗುಲ್ಜಾರ್ ತಂದ 'ಮೇರಾ ಕುಛ್ ಸಾಮಾನ್' ಸಾಲುಗಳಲ್ಲಿ ಪ್ರಾಸವೂ ಇಲ್ಲ, ಛಂದಸ್ಸೂ ಇಲ್ಲ. ನಾಳೆ ದಿನಪತ್ರಿಕೆ ತಂದು ಅದಕ್ಕೂ ರಾಗ ಹಾಕು ಎನ್ನುತ್ತೀಯೇನೋ ಎಂದು ಪಂಚಮ್ ರೇಗಿದ್ದರಂತೆ. ಆಮೇಲೆ ಆ ಹಾಡಿಗಾಗಿ ಗುಲ್ಜಾರ್ ಮತ್ತು ಆಶಾ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು, ರಾಗ ಹಾಕಿದವರಿಗೆ ಬರಲಿಲ್ಲ. ಅದೇ ಚಿತ್ರದ 'ಕತ್ರಾ ಕತ್ರಾ'ದಲ್ಲಿ ಆಶಾ ತಮ್ಮ ಜೊತೆ ತಾವೇ ಹಾಡುತ್ತಾರೆ. ಒಂದು ಟ್ರ್ಯಾಕ್‌ನಲ್ಲಿ ಸಾಲು ಮುಗಿಯುವ ಮೊದಲೇ ಇನ್ನೊಂದರಲ್ಲಿ ಮುಂದಿನ ಸಾಲು ಎದ್ದು ಬರುತ್ತದೆ. ತಂತ್ರಜ್ಞಾನ ಕಿವಿಗೆ ಬೀಳುವುದಿಲ್ಲ, ಒಬ್ಬಂಟಿ ಹೆಣ್ಣಿನ ಮನಸ್ಸು ಬೀಳುತ್ತದೆ.

ಅಷ್ಟು ಹೊತ್ತಿಗೆ ಚಿತ್ರರಂಗ ಅವರಿಂದ ದೂರ ಸರಿಯುತ್ತಿತ್ತು. ಒಂದೇ ಕೀಬೋರ್ಡ್ ಹತ್ತಾರು ವಾದಕರ ಕೆಲಸ ಮಾಡಬಲ್ಲದು ಎಂದಾದಾಗ ನಿರ್ಮಾಪಕರಿಗೆ ದೊಡ್ಡ ತಂಡ ಭಾರವಾಯಿತು. ಎಲೆಕ್ಟ್ರಾನಿಕ್ ಸದ್ದನ್ನು ಹಿಂದಿ ಹಾಡಿಗೆ ಒಗ್ಗಿಸಿದವರಲ್ಲಿ ಮುಂಚೂಣಿಯಲ್ಲಿದ್ದವರನ್ನೇ ಡಿಸ್ಕೋ ಯಂತ್ರಗಳ ಕಾಲ ಪಕ್ಕಕ್ಕೆ ತಳ್ಳಿತು. ಸತತ ಸೋಲುಗಳೂ ಕಾರಣ, ಅದನ್ನು ಮರೆಮಾಚಬೇಕಿಲ್ಲ. ಆದರೂ 'ತೀಸ್ರಿ ಮಂಜಿಲ್' ಕಾಲದಿಂದ ಜೊತೆಗಿದ್ದ ನಾಸಿರ್ ಹುಸೇನ್ ಬ್ಯಾನರ್‌ನ 'ಕಯಾಮತ್ ಸೆ ಕಯಾಮತ್ ತಕ್' ಕೂಡ 1988ರಲ್ಲಿ ಆನಂದ್-ಮಿಲಿಂದ್ ಪಾಲಾಯಿತು. ಅದೇ ವರ್ಷ ಪಂಚಮ್‌ಗೆ ಹೃದಯಾಘಾತವಾಯಿತು. ಲಂಡನ್‌ನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು.

ಕೈ ಬಿಡದವರಲ್ಲಿ ವಿಧು ವಿನೋದ್ ಚೋಪ್ರಾ ಒಬ್ಬರು. '1942: ಎ ಲವ್ ಸ್ಟೋರಿ'ಗೆ ಪಂಚಮ್ ಮೊದಲು ಕೊಟ್ಟ 'ಕುಛ್ ನ ಕಹೋ' ರಾಗ ಅಂದಿನ ಮಾರುಕಟ್ಟೆಗೆ ತಕ್ಕಂತೆ ಗದ್ದಲದ್ದಾಗಿತ್ತು. ಚೋಪ್ರಾ ಒಪ್ಪಲಿಲ್ಲ, ಹಳೆಯ ಪಂಚಮ್ ಬೇಕೆಂದರು. ನಂತರ ಬಂದಿದ್ದು ನಾವೆಲ್ಲ ಗುನುಗುವ ಆ ಮೆಲುದನಿಯ ಹಾಡು.

ಆ ಚಿತ್ರ ಬಿಡುಗಡೆಯಾಗುವುದನ್ನು ಅವರು ನೋಡಲಿಲ್ಲ. 1994ರ ಜನವರಿ 4ರಂದು, 54ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಡುಗಳು ಮನೆಮನೆ ತಲುಪಿದ್ದು ಆಮೇಲೆ. 'ಶೋಲೆ'ಗೂ ಸಿಗದ ಫಿಲ್ಮ್‌ಫೇರ್ ಪ್ರಶಸ್ತಿ ಈ ಚಿತ್ರಕ್ಕೆ ಬಂತು, ಅದು ಅವರ ಮೂರನೆಯದು. ಹೊಸ ಸಂಗೀತ ಪ್ರತಿಭೆಗಳಿಗಾಗಿ ಅವರ ಹೆಸರಿನಲ್ಲೇ ಫಿಲ್ಮ್‌ಫೇರ್ ಒಂದು ಪ್ರಶಸ್ತಿ ಆರಂಭಿಸಿತು. 1995ರಲ್ಲಿ ಅದನ್ನು ಮೊದಲು ಪಡೆದವರು ಚೆನ್ನೈನ ತಮ್ಮ ಮನೆಯ ಬಳಿಯೇ ಸ್ಟುಡಿಯೋ ಕಟ್ಟಿಕೊಂಡು ಸಿಂಥಸೈಸರ್ ಮುಂದೆ ರಾತ್ರಿ ಕಳೆಯುತ್ತಿದ್ದ ಎ.ಆರ್. ರೆಹಮಾನ್.