ತಲೆಸುತ್ತಿನ ಮೂಲವನ್ನು ಕಂಡ ರಾಬರ್ಟ್ ಬಾರಾನಿ

ಕಳೆದ ವರ್ಷ ಸುಗ್ಗಿಯ ಕಾಲದಲ್ಲಿ ನಮ್ಮ ತಾಯಿಯವರು ಒಂದು ಬೆಳಗ್ಗೆ ಹಾಸಿಗೆಯಿಂದ ಏಳುವಾಗ, ಮನೆಯೇ ಗಿರಗಿರನೆ ತಿರುಗಿದಂತಾಗಿ ಕುಸಿದು ಬಿದ್ದರು. ಮಗ್ಗುಲು ಬದಲಿಸಿದರೂ ಬವಳಿ. ಪಿತ್ತವೆಂದು ಕೆಲವರು, ದೃಷ್ಟಿ ತಗಲಿದೆಯೆಂದು ಕೆಲವರು ಹೇಳಿದರು. ನಿಂಬೆಹಣ್ಣು ನಿವಾಳಿಸಿದ್ದೂ ಆಯಿತು, ಗುಣ ಕಾಣಲಿಲ್ಲ. ಅವರ ಕೂಲಿಯಿಂದಲೇ ನನ್ನ ಓದು ನಡೆಯುತ್ತಿದ್ದುದರಿಂದ ನಾನು ಕಾಲೇಜು ಬಿಡುವ ಯೋಚನೆಯನ್ನೂ ಮಾಡಿದೆನು. ಕಡೆಗೆ ಆಸ್ಪತ್ರೆಯ ವೈದ್ಯರೊಬ್ಬರು ಪರೀಕ್ಷಿಸಿ, ಇದು ಒಳಗಿವಿಯ ದೋಷವೆಂದು ತಿಳಿಸಿ, ಮನೆಯಲ್ಲೇ ಮಾಡತಕ್ಕ ಒಂದು ವ್ಯಾಯಾಮವನ್ನು ಕಲಿಸಿದರು. ತಲೆ ತಿರುಗುವುದಕ್ಕೂ ಕಿವಿಗೂ ಏನು ಸಂಬಂಧ? ಈ ಸಂಶಯದಿಂದ ಪುಸ್ತಕಗಳನ್ನು ಹುಡುಕಿದಾಗ ಪರಿಚಯವಾದವರೇ ರಾಬರ್ಟ್ ಬಾರಾನಿಯವರು.

ಬಾರಾನಿಯವರು 1876ರ ಏಪ್ರಿಲ್ 22ರಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ, ಆರು ಮಕ್ಕಳಲ್ಲಿ ಹಿರಿಯರಾಗಿ ಜನಿಸಿದರು. ಬಾಲ್ಯದಲ್ಲಿ ಮೂಳೆಯ ಕ್ಷಯ ತಗಲಿ ಒಂದು ಮಂಡಿ ಶಾಶ್ವತವಾಗಿ ಸೆಟೆದುಹೋಯಿತು. ಆದರೂ ಅವರು ಎದೆಗುಂದಲಿಲ್ಲ. ಅದೇ ಕಾಲಿನಲ್ಲಿ ಬೆಟ್ಟಗಳಲ್ಲಿ ನಡೆದಾಡಿದರು, ಟೆನಿಸ್ ಆಡಿದರು. 1900ರಲ್ಲಿ ವೈದ್ಯ ಪದವಿಯನ್ನು ಪಡೆದು, ಮುಂದೆ ವಿಯೆನ್ನಾದ ಕಿವಿ ಚಿಕಿತ್ಸಾಲಯವನ್ನು ಸೇರಿದರು.

ಅಲ್ಲಿ ಅವರು ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ಅನೇಕರಿಗೆ ತಲೆ ಸುತ್ತುತ್ತಿತ್ತು, ಕಣ್ಣಾಲಿಗಳು ಅದುರುತ್ತಿದ್ದವು. ತಣ್ಣೀರಿಗೆ ಕಣ್ಣು ಒಂದು ದಿಕ್ಕಿಗೆ ಅದುರಿದರೆ, ಬಿಸಿನೀರಿಗೆ ಅದರ ವಿರುದ್ಧ ದಿಕ್ಕಿಗೆ. ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ, ಒಳಗಿವಿಯ ಅರ್ಧವರ್ತುಲ ನಾಳಗಳ ದ್ರವವೂ ಚಲಿಸುವುದೆಂದು ಅವರು ಊಹಿಸಿದರು. ದೇಹದ ಸಮತೋಲನವನ್ನು ಕಾಯುವ ಅಂಗವನ್ನು ಪರೀಕ್ಷಿಸಲು ಹೀಗೆ ಒಂದು ಸುಲಭ ಮಾರ್ಗ ದೊರೆಯಿತು.

ಮೊದಲನೆಯ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿದ್ದ ಅವರು ರಷ್ಯನ್ನರಿಗೆ ಸೆರೆಸಿಕ್ಕು, ಮಧ್ಯ ಏಷ್ಯಾದ ಮೆರ್ವ್ ಎಂಬಲ್ಲಿ ಬಂದಿಯಾದರು. 1914ರ ನೊಬೆಲ್ ಪಾರಿತೋಷಕ ತಮಗೆ ಸಂದ ಸುದ್ದಿ ಅವರನ್ನು ಮುಟ್ಟಿದ್ದು ಆ ಸೆರೆಯಲ್ಲಿಯೇ! ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್ ಕ್ರಾಸ್ ಮೂಲಕ ಮಾಡಿದ ಪ್ರಯತ್ನದಿಂದ 1916ರಲ್ಲಿ ಬಿಡುಗಡೆಯಾಯಿತು. ಆದರೆ ವಿಯೆನ್ನಾಕ್ಕೆ ಮರಳಿದಾಗ ಕಾದಿದ್ದುದು ಸನ್ಮಾನವಲ್ಲ, ಸಹೋದ್ಯೋಗಿಗಳ ಆರೋಪ. ಇತರರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಲಿಲ್ಲವೆಂದು ಅವರು ದೂರಿದರು. ನೊಂದ ಬಾರಾನಿಯವರು ಸ್ವೀಡನ್ನಿನ ಉಪ್ಸಾಲಾಕ್ಕೆ ತೆರಳಿ ಅಲ್ಲಿಯೇ ನೆಲೆಸಿದರು. 1921ರಲ್ಲಿ, ತಲೆಯನ್ನು ಒಂದು ಭಂಗಿಗೆ ತಂದಾಗ ಮಾತ್ರ ಬರುವ ತಲೆಸುತ್ತನ್ನು ವಿವರಿಸಿದರು. ಅರವತ್ತು ತುಂಬಲು ಎರಡು ವಾರಗಳಿರುವಾಗ, 1936ರ ಏಪ್ರಿಲ್ 8ರಂದು ತೀರಿಕೊಂಡರು.

ನಮ್ಮ ತಾಯಿಯವರದು ಅದೇ ಬಗೆಯ ಬವಳಿ. ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಜಾರಿ ನಾಳದೊಳಗೆ ಸೇರುವುದೇ ಇದಕ್ಕೆ ಕಾರಣವೆಂದು ಬಳಿಕ ತಿಳಿದುಬಂದಿತು. 1980ರಲ್ಲಿ ಬ್ರಾಂಟ್ ಮತ್ತು ಡ್ಯಾರಫ್ ಎಂಬ ವೈದ್ಯರು ಮನೆಯ ವ್ಯಾಯಾಮವೊಂದನ್ನು ಪ್ರಕಟಿಸಿದರು. ಮಂಚದ ಅಂಚಿನಲ್ಲಿ ಕುಳಿತು, ಮುಖವನ್ನು ಎಡಕ್ಕೆ ಅರ್ಧದಷ್ಟು ತಿರುಗಿಸಿ, ಬಲಮಗ್ಗುಲಿಗೆ ಬೇಗನೆ ಮಲಗಬೇಕು. ಸುತ್ತು ನಿಲ್ಲುವವರೆಗೆ, ಇಲ್ಲವೆ ಅರ್ಧ ನಿಮಿಷ ಹಾಗೆಯೇ ಇದ್ದು, ಎದ್ದು ಕುಳಿತು ಮತ್ತೆ ಅರ್ಧ ನಿಮಿಷ ತಾಳಬೇಕು. ಅನಂತರ ಮುಖವನ್ನು ಬಲಕ್ಕೆ ತಿರುಗಿಸಿ ಎಡಮಗ್ಗುಲಿಗೆ ಮಲಗಬೇಕು. ಹೀಗೆ ಒಮ್ಮೆಗೆ ಐದು ಸಲ. ಮೊದಮೊದಲು ಬವಳಿ ಬರುವುದರಿಂದ ಪಕ್ಕದಲ್ಲಿ ಒಬ್ಬರಿರಬೇಕು. ಮಾತು ತೊದಲಿದರೆ, ಕೈಕಾಲು ಸೋತರೆ ಅದು ಬೇರೆ ರೋಗ. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಎರಡು ವಾರ ನಾನೇ ಪಕ್ಕದಲ್ಲಿ ಕುಳಿತು ಎಣಿಸಿದೆನು. ಈಗ ಅವರು ಎಂದಿನಂತೆ ಕೊಡ ಹೊತ್ತು ಬರುತ್ತಾರೆ. ನಾನೂ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳುವೆನು. ಅಕ್ಷರವರಿಯದ ಅವರಿಗೆ ಬಾರಾನಿಯವರ ಕಥೆಯನ್ನು ಹೇಳಿದಾಗ, ಆ ಮಹನೀಯರ ನೊಬೆಲ್ಲಿನ ಬಗೆಗೆ ಅವರು ಏನನ್ನೂ ಕೇಳಲಿಲ್ಲ. ಆ ಕಾಲು ಕೊನೆಗಾದರೂ ಸರಿಹೋಯಿತೆ ಎಂದಷ್ಟೆ ಕೇಳಿದರು.